ತುಂಬುವ ಬಾಯಿ

ಕಾರಿನ ಕೆಳಗೆ ಮಲಗಿದವನಿಗೆ ಲೋಕವೆಲ್ಲ ಪಾದಗಳಾಗಿಯೇ ಕಾಣುವುದು. ಮೇಲೆ ನಿಂತವರು ಮುಖ ನೋಡಿ ಮನಸ್ಸು ಅಳೆಯುತ್ತಾರೆ. ಕೆಳಗೆ ಬಿದ್ದವನಿಗೆ ಆ ಭಾಗ್ಯವಿಲ್ಲ, ಚಪ್ಪಲಿ ನೋಡಿಯೇ ಎಲ್ಲವನ್ನೂ ತಿಳಿದುಕೊಳ್ಳಬೇಕು. ಆ ಭಾನುವಾರ ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ ಶೆಡ್ಡಿನ ಬಾಗಿಲಿಗೆ ಮೂರು ಸಲ ಬಂದು ಹೋಗಿತ್ತು. ಒಂಬತ್ತೂವರೆಗೆ ಬಂದಾಗ ಕಾಫಿ ಲೋಟ ನೆಲಕ್ಕಿಟ್ಟು ಹೋಯಿತು. ಹನ್ನೊಂದಕ್ಕೆ ಬಂದಾಗ ಲೋಟ ತೆಗೆದುಕೊಂಡು ಹೋಯಿತು. ಕಾಫಿ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಹನ್ನೆರಡೂವರೆಗೆ ಬಂದಾಗ ಏನೂ ತರಲಿಲ್ಲ, ಏನೂ ಒಯ್ಯಲಿಲ್ಲ. ಸುಮ್ಮನೆ ನಿಂತಿತು. ಬಲಗಾಲಿನ ಹೆಬ್ಬೆರಳು ಒಂದು ಸಲ ಮೇಲೆದ್ದು ಇಳಿಯಿತು. ಅಷ್ಟೇ.

ಹೆಂಡತಿ ಒಂದು ಮಾತು ಬೈದಿದ್ದರೆ ಅವನಿಗೆ ಉಸಿರು ಬರುತ್ತಿತ್ತು. ಅವಳು ಬೈಯಲಿಲ್ಲ.

ಕೆಳಗೆ ಮಲಗಿದ್ದವನು ಕನ್ನಡಕದಂಗಡಿಯವನು. ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ಉಜ್ಜುತ್ತ, ಎಳ್ಳುಕಾಳಿನಷ್ಟು ಸ್ಕ್ರೂ ತಿರುಗಿಸುತ್ತ ಕೂತವನು. ದಿನವಿಡೀ ಎಳ್ಳು ಹೆಕ್ಕುವ ಕೈಗೆ ಸಂಜೆಯಾದರೆ ಕುಂಬಳಕಾಯಿ ಎತ್ತುವ ಆಸೆ. ಹಾಗಾಗಿ ಒಂಬತ್ತು ವರ್ಷದ ಹಿಂದೆ, ಗುಜರಿಗೆ ಹೊರಟಿದ್ದ ಬೂದುಬಣ್ಣದ ಈ ಸಣ್ಣ ಕಾರನ್ನು ಗಿರಾಕಿಯೊಬ್ಬನಿಂದ ತಂದು ಮನೆ ಪಕ್ಕದ ಶೆಡ್ಡಿಗೆ ನೂಕಿದ್ದ. ನೂಕಿದ್ದ ಎಂದರೆ ನಿಜವಾಗಿಯೂ ನೂಕಿಯೇ. ಅದು ತಾನಾಗಿ ಒಂದು ಮಾರೂ ಬರುವ ಸ್ಥಿತಿಯಲ್ಲಿರಲಿಲ್ಲ. ಕಿಟಕಿಯಲ್ಲಿ ಕೂತು ನೋಡುತ್ತಿದ್ದ ಅವನ ತಾಯಿ, "ಎಮ್ಮೆ ತಂದ್ಯಾ ಮಗಾ? ಹಾಲು ಕೊಡುತ್ತೋ, ಬರೀ ಮೇಯುತ್ತೋ?" ಎಂದಿದ್ದಳು. ಅವತ್ತಿನಿಂದ ಮನೆಯಲ್ಲಿ ಅದರ ಹೆಸರು ಎಮ್ಮೆ.

ಎಮ್ಮೆ ಚೆನ್ನಾಗಿಯೇ ಮೇಯಿತು. ಒಂದು ವರ್ಷ ಬ್ರೇಕು, ಒಂದು ವರ್ಷ ರೇಡಿಯೇಟರು, ಎರಡು ವರ್ಷ ಕ್ಲಚ್ಚು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ನರಳುತ್ತಿತ್ತು. ನರಳದಿದ್ದರೆ ಇವನೇ ಬಾನೆಟ್ಟಿಗೆ ಕಿವಿಗೊಟ್ಟು, "ಇಲ್ಲ, ಎಲ್ಲೋ ಒಂದು ಸದ್ದಿದೆ" ಎಂದು ನರಳಿಸುತ್ತಿದ್ದ. ಯಾವ ಕೆಲಸ ಹಿಡಿದರೂ ಅರ್ಧ ಗಂಟೆಯದು. "ಅವನ ಅರ್ಧ ಗಂಟೆಗೆ ಎಷ್ಟು ತಿಂಗಳು ಅಂತ ಪಂಚಾಂಗದಲ್ಲೂ ಬರೆದಿಲ್ಲ" ಎಂದು ತಾಯಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಕಾರಿನ ಜೊತೆ ಒಂದು ದಪ್ಪ ರಿಪೇರಿ ಪುಸ್ತಕ ಬಂದಿತ್ತು. ಗ್ರೀಸಿನ ಕೈಯಲ್ಲಿ ಪುಟ ಮುಟ್ಟುವ ಹಾಗಿಲ್ಲ. ಹೀಗಾಗಿ ಓದುವ ಕೆಲಸ ಹೆಂಡತಿಯದು. ಅವಳು ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು, ಒಂದು ಕೈಯಲ್ಲಿ ಟಾರ್ಚು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಅವಳ ತಂದೆ ಪದ್ಯ ಓದುತ್ತಿದ್ದವರು; ದಿನಾ ಸಂಜೆ ನಾಲ್ಕು ಸಾಲು ಎತ್ತಿ, ನಿಲ್ಲಿಸಿ, ಅರ್ಥ ಹೇಳಿ, ಮುಂದಿನ ನಾಲ್ಕು ಸಾಲಿಗೆ ಹೋಗುತ್ತಿದ್ದವರು. ಆ ಮನೆಯ ಮಗಳಿಗೆ ಬೇರೆ ರೀತಿ ಓದುವುದೇ ಗೊತ್ತಿಲ್ಲ. ವಾಷರು, ಸ್ಪ್ರಿಂಗು, ಎಣ್ಣೆಯ ಅಳತೆ ಯಾವುದಾದರೂ ಸರಿ, ಸಾಲು ಎಲ್ಲಿ ಮುರಿಯಬೇಕೋ ಅಲ್ಲಿ ಮುರಿದು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು ಓದುವಳು. ಕೆಳಗಿನಿಂದ ಅವನು ಅರ್ಥ ಹೇಳುವವನ ಹಾಗೆ "ಹೂಂ, ಮುಂದೆ" ಎನ್ನುವನು. ಕಿಟಕಿಯಿಂದ ಅತ್ತೆ, "ಇವತ್ತು ಯಾವ ಪರ್ವವೇ?" ಎಂದು ಕೇಳಿದರೆ ಸೊಸೆ, "ಕ್ಲಚ್ ಪರ್ವ ಅತ್ತೆ, ಇನ್ನೂ ಯುದ್ಧ ಮುಗಿದಿಲ್ಲ" ಎನ್ನುತ್ತಿದ್ದಳು. ಅವೆಲ್ಲ ಒಳ್ಳೆಯ ಸಂಜೆಗಳೇ. ಅವನಿಗೆ ಹಾಗನ್ನಿಸುತ್ತಿತ್ತು. ಅವಳಿಗೆ ಏನನ್ನಿಸುತ್ತಿತ್ತೆಂದು ಅವನು ಕೇಳಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಅವಳು ಲೈಸೆನ್ಸ್ ತಂದಳು. ಡ್ರೈವಿಂಗ್ ಶಾಲೆಗೆ ಹೋಗುತ್ತಿದ್ದೇನೆ ಎಂದು ಹೇಳಿಯೇ ಹೋಗಿದ್ದಳು. ಇವನು ಕಾರ್ಬುರೇಟರ್ ತೊಳೆಯುತ್ತ "ಹೂಂ" ಎಂದಿದ್ದ. ಆಮೇಲೆ ಎಮ್ಮೆಯ ಮೇಲೆಯೇ ಬೆಳಿಗ್ಗೆ ಬೆಳಿಗ್ಗೆ ಎರಡು ಸುತ್ತು ಹೊಡೆಯತೊಡಗಿದಳು. ಹೋದ ವಾರ ಊಟಕ್ಕೆ ಬಡಿಸುತ್ತ ವಿಷಯ ಹೇಳಿದಳು. ಊರಾಚೆಯ ಆಸ್ಪತ್ರೆಯಲ್ಲಿ ಮೂತ್ರಪಿಂಡ ಕೆಟ್ಟವರಿಗೆ ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡುತ್ತಾರೆ. ಅವರನ್ನು ಮನೆಯಿಂದ ಕರೆತರಲು, ತಿರುಗಿ ಬಿಡಲು ಸ್ವಂತ ಗಾಡಿ ಇರುವ ಹೆಂಗಸು ಬೇಕಂತೆ. ಅರ್ಜಿ ಹಾಕಿದ್ದಳು. ಮೊದಲ ಹೆಸರು ಅವಳದೇ ಬಂದಿದೆ. ಭಾನುವಾರ ರೋಗಿಗಳ ಓಡಾಟವಿಲ್ಲ, ಸಂಜೆ ನಾಲ್ಕಕ್ಕೆ ಗಾಡಿ ತಂದು ತೋರಿಸಬೇಕು. ಗಾಡಿ ಬರದಿದ್ದರೆ ಸೋಮವಾರ ಎರಡನೇ ಹೆಸರಿನವಳ ಗಾಡಿ ನೋಡುತ್ತಾರೆ.

"ಒಳ್ಳೇದೇ ಆಯ್ತು" ಎಂದ ಅವನು. ತುತ್ತು ನುಂಗಿ ಮತ್ತೆ "ಒಳ್ಳೇದೇ ಆಯ್ತು" ಎಂದ. ಕೈ ತೊಳೆಯುವಾಗ ಮೂರನೇ ಸಲ ಎಂದ.

ತಾಯಿಗೆ ಮಂಡಿನೋವು, ಮಾತಿಗೆ ಮಾತ್ರ ಯಾವ ನೋವೂ ಇಲ್ಲ. ಅವಳ ಬಿಸಿನೀರು, ಮಾತ್ರೆ, ಕಾಲಿಗೆ ಎಣ್ಣೆ ತಿಕ್ಕುವುದು, ಇಷ್ಟನ್ನು ಇನ್ನು ಬೆಳಿಗ್ಗೆ ಸಂಜೆ ಅವನೇ ನೋಡಿಕೊಳ್ಳಬೇಕು. ಅದು ಒಂದು ಕಡೆಗಿರಲಿ. ಕಾರೇ ಬೆಳಿಗ್ಗೆ ಐದೂವರೆಗೆ ಎದ್ದು ಹೊರಟುಬಿಡುತ್ತದೆ. ಬಿಚ್ಚಿ ಹರಡಿಕೊಂಡು ಕೂರಲು ಏನು ಉಳಿಯುತ್ತದೆ? ದುಡಿಯುವ ಗಾಡಿಯನ್ನು ಬಿಚ್ಚುವ ಹಾಗಿಲ್ಲ. ರಿಪೇರಿಯ ಹುಚ್ಚು ಹಿಡಿದವರೆಲ್ಲ ಬಲ್ಲ, ಯಾರೂ ಬಾಯಿಬಿಟ್ಟು ಹೇಳದ ಮಾತೊಂದಿದೆ: ಸರಿಹೋದ ಗಾಡಿ ನಮ್ಮದಲ್ಲ.

ಇವತ್ತು ಬೆಳಿಗ್ಗೆ ಎಂಟಕ್ಕೆ ಅವಳು ಎಮ್ಮೆಗೆ ಸ್ನಾನ ಮಾಡಿಸಿದಳು. ಸೀಟಿನ ಬಟ್ಟೆ ಒಗೆದು ಹಾಕಿದ್ದಳು. ಹಿಂದಿನ ಸೀಟಿಗೆ, ರೋಗಿಗಳು ಒರಗುವುದಕ್ಕೆಂದು, ಒಂದು ಸಣ್ಣ ದಿಂಬು ಹೊಲಿದು ಇಟ್ಟಿದ್ದಳು. ಅವನು ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದು ಹೇಳಿದ:

"ಗೇರ್ ಆಯಿಲ್ ಒಂದು ಬದಲಾಯಿಸಿಬಿಡ್ತೀನಿ. ಅರ್ಧ ಗಂಟೆ ಕೆಲಸ."

"ಇವತ್ತೇ ಬೇಕಾ ರೀ? ನಿನ್ನೆ ಚೆನ್ನಾಗೇ ಓಡ್ತಲ್ಲ."

"ಕಾಯಿಲೆಯವರನ್ನ ಕೂರಿಸ್ಕೊಂಡು ಹೋಗೋ ಗಾಡಿ ಕಣೇ. ದಾರೀಲಿ ಗೇರು ಕಚ್ಕೊಂಡ್ರೆ ಏನು ಗತಿ?"

ಅವಳು ಕೀಲಿ ಅವನ ಕೈಗಿಟ್ಟು ಅಡುಗೆಮನೆಗೆ ಹೋದಳು.

ಗೇರ್ ಬಾಕ್ಸಿಗೆ ಎರಡು ಬಾಯಿ. ಕೆಳಗೊಂದು, ಹಳೆಯ ಎಣ್ಣೆ ಬಸಿಯುವುದಕ್ಕೆ. ಪಕ್ಕದಲ್ಲಿ ಸ್ವಲ್ಪ ಮೇಲೊಂದು, ಹೊಸದು ತುಂಬುವುದಕ್ಕೆ. ಎರಡಕ್ಕೂ ಒಂದೊಂದು ದಪ್ಪ ಬೋಲ್ಟು. ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿ, ಹತ್ತು ಸಲ ಕೇಳಿದರೆ ಒಂದು ಸಲ ಬಾಯಿ ಬಿಡುವ ಮನುಷ್ಯ, ಇವನಿಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದ ಪಾಠ ಇದು: "ತುಂಬೋ ಬಾಯಿ ತೆರೀದೆ ಬಸಿಯೋ ಬಾಯಿ ಮುಟ್ಬೇಡ. ಮೇಲಿಂದು ಅಲುಗಾಡ್ತು ಅಂತ ಕೈಗೆ ಗೊತ್ತಾದ ಮೇಲೆ ಕೆಳಗಿಂದಕ್ಕೆ ಸ್ಪ್ಯಾನರ್ ಹಾಕು. ಇಲ್ಲಾಂದ್ರೆ ಹೊಟ್ಟೆ ಖಾಲಿ ಮಾಡಿ ಬಾಯಿ ಹೊಲಿದ ಹಾಗಾಗುತ್ತೆ." ಇದನ್ನು ಇವನು ಅಂಗಡಿಗೆ ಬರುವ ಗಿರಾಕಿಗಳಿಗೆ, ಅವರು ಕೇಳದಿದ್ದರೂ, ಕನ್ನಡಕ ಒರೆಸಿಕೊಡುತ್ತ ಹೇಳಿದ್ದುಂಟು.

ಈಗ ಎಮ್ಮೆ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಹಳೆಯ ಎಣ್ಣೆ ಪೂರ್ತಿ ಬಸಿದು ಅಗಲದ ಬೋಗುಣಿಯಲ್ಲಿ ಕಪ್ಪಗೆ ಕೂತಿತ್ತು. ಬಸಿಯುವ ಬಾಯಿಗೆ ಹೊಸ ತಾಮ್ರದ ವಾಷರ್ ಹಾಕಿ ಮುಚ್ಚಿಯೂ ಆಗಿತ್ತು. ತುಂಬುವ ಬಾಯಿಯ ಬೋಲ್ಟು ಮಾತ್ರ ಬರಲೊಲ್ಲದು. ಮೊದಲು ಹತ್ತೊಂಬತ್ತರ ಸ್ಪ್ಯಾನರು. ಆಮೇಲೆ ಸ್ಪ್ಯಾನರಿಗೆ ಮೊಳದುದ್ದದ ಪೈಪು ಸಿಕ್ಕಿಸಿ ಎಳೆದ. ಬೋಲ್ಟಿನ ಆರು ಮೂಲೆಗಳಲ್ಲಿ ಎರಡು ಸವೆದು ಗುಂಡಗಾದವು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ಗಂಟೆ ಕಾದ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದ; ಉಳಿದ ನಾಲ್ಕು ಮೂಲೆಯೂ ಹೋದವು. ಬೋಲ್ಟು ಉಕ್ಕಿನದು, ಬಾಕ್ಸು ಅಲ್ಯೂಮಿನಿಯಂ. ಇನ್ನೂ ಜೋರಾಗಿ ಹೊಡೆದರೆ ಬಾಕ್ಸೇ ಸೀಳುತ್ತದೆ. ಮೆಲ್ಲಗೆ ಹೊಡೆದರೆ ಏನೂ ಆಗುವುದಿಲ್ಲ. ಮುಂದೆ ಹೋದರೆ ಹಳ್ಳ, ಹಿಂದೆ ಬಂದರೆ ಗೋಡೆ.

ಗೋಡೆ ಇದ್ದದ್ದೂ ಹೌದು. ಶೆಡ್ಡು ಎಷ್ಟು ಕಿರಿದೆಂದರೆ ಬಲಗಡೆ ಕಾರಿಗೂ ಗೋಡೆಗೂ ನಡುವೆ ಒಂದು ಗೇಣು. ಎಡಗಡೆ ಒಬ್ಬ ಮನುಷ್ಯ ಅಡ್ಡವಾಗಿ ಜಾರುವಷ್ಟು. ಒಂಬತ್ತು ವರ್ಷದಿಂದ ಅವನು ಹೊಟ್ಟೆ ಒಳಗೆಳೆದು, ಬೆನ್ನು ಗೋಡೆಗೆ ಒತ್ತಿ, ಏಡಿಯ ಹಾಗೆ ಅಲ್ಲಿ ಓಡಾಡಿದವನು.

ಕಾಂಪೌಂಡಿನ ಆಚೆಯಿಂದ ಧ್ವನಿ ಬಂತು. ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರ್; ಮೂವತ್ತು ವರ್ಷ ಬಸ್ಸಿನಲ್ಲಿ ಬಾಗಿಲಿಗೆ ನಿಂತೇ ಲೋಕ ನೋಡಿದವರು.

"ಏನಪ್ಪಾ ಕನ್ನಡಕ! ಗಾಡಿ ಕೆಳಗೇ ಸಂಸಾರ ಹೂಡಿದ್ಯಾ?"

"ಬೋಲ್ಟು ಹಿಡ್ಕೊಂಡಿದೆ ಸಾರ್."

"ಬೋಲ್ಟು ನಿನ್ನ ಹಿಡ್ಕೊಂಡಿದ್ಯೋ, ನೀನು ಬೋಲ್ಟನ್ನ ಹಿಡ್ಕೊಂಡಿದ್ಯೋ?"

ಅವನು ನಗಲು ನೋಡಿದ. ಬಾಯಿಗೆ ತುಕ್ಕಿನ ಪುಡಿ ಬಿತ್ತು.

"ನಾಲ್ಕಕ್ಕೆ ಅವಳು ಹೋಗ್ಬೇಕಲ್ವಾ? ಮೇಸ್ತ್ರಿಗೆ ಫೋನ್ ಮಾಡ್ಲಾ? ಭಾನುವಾರ ಆದ್ರೇನು, ನಾನು ಕರೆದ್ರೆ ಲುಂಗೀಲೇ ಓಡಿ ಬರ್ತಾನೆ."

"ಬೇಡ ಸಾರ್!" ಧ್ವನಿ ಬೇಕಾದ್ದಕ್ಕಿಂತ ಜೋರಾಯಿತು. "ಬೇಡ. ಆಗೇ ಹೋಯ್ತು. ಇನ್ನೊಂದು ಅರ್ಧ ಗಂಟೆ."

"ಹೋಲ್ಡಾನ್ ಹಾಗಾದ್ರೆ" ಎಂದು ಕಂಡಕ್ಟರ್ ನಗುತ್ತ ಒಳಗೆ ಹೋದರು.

ಮೇಸ್ತ್ರಿ ಬಂದರೆ ಹತ್ತು ನಿಮಿಷದಲ್ಲಿ ಬಿಡಿಸುತ್ತಾನೆ. ವೆಲ್ಡಿಂಗಿನಲ್ಲಿ ಬೋಲ್ಟಿನ ತಲೆಗೆ ಇನ್ನೊಂದು ನಟ್ಟು ಅಂಟಿಸಿ, ಆ ಬಿಸಿಯಲ್ಲೇ ತಿರುಗಿಸುತ್ತಾನೆ. ಆದರೆ ಅದಕ್ಕೆ ಮೊದಲು ಕುಕ್ಕರುಗಾಲಲ್ಲಿ ಕೂತು, ಬೀಡಿ ಕಿವಿಯ ಮೇಲಿಟ್ಟುಕೊಂಡು, ಒಂದೇ ಒಂದು ಪ್ರಶ್ನೆ ಕೇಳುತ್ತಾನೆ: "ಮೊದಲು ಯಾವುದನ್ನ ಮುಟ್ಟಿದೆ?" ಆ ಪ್ರಶ್ನೆಯನ್ನು ನೆನೆದರೆ ಅವನ ಬೆನ್ನು ಕೆಳಗೆ ಹಾಸಿಕೊಂಡಿದ್ದ ರಟ್ಟಿಗೆ ಇನ್ನಷ್ಟು ಅಂಟುತ್ತಿತ್ತು. ಬೆಳಗಿನ ಒಂದು ಗಳಿಗೆಯ ಸುತ್ತ ಅವನ ಮನಸ್ಸು ಆಗಿನಿಂದ ತಿರುಗುತ್ತಿತ್ತು, ಒಳಗೆ ಕಾಲಿಡುತ್ತಿರಲಿಲ್ಲ. ಕಸ ಇದೆ ಎಂದು ಗೊತ್ತಿದ್ದೂ ಮಂಚದ ಕೆಳಗೆ ಗುಡಿಸದವರ ಹಾಗೆ.

ಒಂದೂವರೆಗೆ ನೀಲಿ ಚಪ್ಪಲಿ ನಾಲ್ಕನೇ ಸಲ ಬಂತು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಎಡಗಡೆಯ ಸಂದಿನಲ್ಲಿ ಅಡ್ಡವಾಗಿ ಜಾರುತ್ತ ಒಳಗೆ ಬಂತು. ಅವನ ತಲೆಯ ಪಕ್ಕದಲ್ಲೇ ನಿಂತಿತು. ಆಮೇಲೆ ಸೀರೆಯ ಅಂಚು, ಮಂಡಿ, ಕೈ, ಕೊನೆಗೆ ಅಡ್ಡವಾಗಿ ಅವಳ ಮುಖ. ಹೊರಗೆ ಬರಲು ಅವನಿಗಿದ್ದದ್ದು ಅದೊಂದೇ ದಾರಿ. ಅದರಲ್ಲಿ ಅವಳು ಕೂತಿದ್ದಳು.

"ಏನಾಗಿದೆ, ಹೇಳಿ."

"ತುಂಬೋ ಬೋಲ್ಟು ಕಚ್ಕೊಂಡಿದೆ. ಮೂಲೆಯೆಲ್ಲ ಸವೆದುಹೋಯ್ತು. ಇನ್ನು ಸ್ಪ್ಯಾನರ್ ಹಿಡಿಯಲ್ಲ."

"ಹಳೆ ಎಣ್ಣೆ?"

"ಬಸಿದಾಯ್ತು."

"ಪೂರ್ತಿ?"

"ಪೂರ್ತಿ."

ಅವಳು ಬೋಗುಣಿಯತ್ತ ನೋಡಿದಳು. "ಎಣ್ಣೆ ಇಲ್ದೆ ಓಡಿಸಿದ್ರೆ?"

"ಆಸ್ಪತ್ರೆ ಮುಟ್ಟೋಕೆ ಮುಂಚೆನೇ ಗೇರೆಲ್ಲ ಅರೆದು ಹಿಟ್ಟಾಗುತ್ತೆ." ಈ ಮಾತು ಹೇಳುವಾಗ ಅವನ ಧ್ವನಿಯಲ್ಲಿ ತಿಳಿದವನ ಗತ್ತು ಬಂದುಬಿಟ್ಟಿತು. ಅದು ಅವನಿಗೇ ಕೇಳಿಸಿ ನಾಚಿಕೆಯಾಯಿತು. "ನಾಳೆ ಬೆಳಿಗ್ಗೆನೇ ಮೇಸ್ತ್ರಿನ ಕರ್ಕೊಂಡು ಬಂದು..."

"ನಾಳೆ ಬೇರೆಯವಳ ಗಾಡಿ ನೋಡ್ತಾರೆ."

ಬಾಕ್ಸಿನಿಂದ ತುಕ್ಕೆಣ್ಣೆ ಒಂದೊಂದೇ ಹನಿ ಅವನ ತೋಳಿನ ಮೇಲೆ ಬೀಳುತ್ತಿತ್ತು. ಕೈ ಎತ್ತಿ ಒರೆಸಿಕೊಳ್ಳಲೂ ಜಾಗವಿರಲಿಲ್ಲ.

"ಬೆಳಿಗ್ಗೆ ನಾನು ಅಡುಗೆಮನೇಲಿ ತರಕಾರಿ ಹೆಚ್ತಾ ಇದ್ದೆ" ಎಂದಳು ಅವಳು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. "ಇಲ್ಲಿಂದ ಸ್ಪ್ಯಾನರ್ ಜಾರಿದ ಸದ್ದು ಬಂತು. ಟಕ್ ಅಂತ. ಮತ್ತೊಂದು ಸಲ ಟಕ್. ಒಟ್ಟು ಮೂರು. ಆಮೇಲೆ ಒಂದಷ್ಟು ಹೊತ್ತು ಏನೂ ಇಲ್ಲ. ಬದನೆಕಾಯಿ ಒಂದು ಪೂರ್ತಿ ಹೆಚ್ಚಿ ಮುಗಿಸೋಷ್ಟು ಹೊತ್ತು. ಅದಾದ್ಮೇಲೆ ಬೋಗುಣಿಗೆ ಎಣ್ಣೆ ಬಿದ್ದ ಸದ್ದು."

ಅವನು ಸ್ಪ್ಯಾನರನ್ನು ಪಕ್ಕದಲ್ಲಿ ನೆಲಕ್ಕಿಟ್ಟ.

"ಬಸಿಯೋ ಬೋಲ್ಟು ಹೋದ ಸಲ ಬೆಣ್ಣೆ ಹಾಗೆ ಬಂದಿತ್ತು. ಟಾರ್ಚು ನಾನೇ ಹಿಡಿದಿದ್ದೆ. ಹಾಗಾದ್ರೆ ಎಣ್ಣೆ ಬೀಳೋಕೆ ಮುಂಚೆ ಜಾರಿದ್ದು ಯಾವುದು?"

ಸುಳ್ಳುಗಳು ಸಾಲಾಗಿ ಬಂದು ನಿಂತವು. ಸ್ಪ್ಯಾನರೇ ಬೇರೆ ಅಳತೆಯದಿತ್ತು ಎನ್ನಬಹುದು. ಸ್ಟ್ಯಾಂಡು ಸರಿಮಾಡುತ್ತಿದ್ದೆ ಎನ್ನಬಹುದು. ಎರಡಡಿ ಎತ್ತರದ ಕಬ್ಬಿಣದ ಚಾವಣಿಯ ಕೆಳಗೆ, ಅವಳ ಮುಖ ಒಂದು ಗೇಣಿನಲ್ಲಿರುವಾಗ, ಯಾವ ಸುಳ್ಳಿಗೂ ಮಗ್ಗುಲು ಬದಲಿಸುವಷ್ಟು ಜಾಗ ಸಿಗಲಿಲ್ಲ.

"ತುಂಬೋದೇ" ಎಂದ.

"ಅಂದ್ರೆ ಅದು ಬರಲ್ಲ ಅಂತ ಮೊದಲೇ ಗೊತ್ತಾಗಿತ್ತು."

"ಗೊತ್ತಾಗಿತ್ತು."

ಗೊತ್ತಾಗಿತ್ತು. ಮೇಸ್ತ್ರಿ ಹೇಳಿದ ಹಾಗೆಯೇ ಮೊದಲು ಮೇಲಿನದಕ್ಕೆ ಸ್ಪ್ಯಾನರ್ ಹಾಕಿದ್ದ. ಮೂರು ಸಲ ಎಳೆದಿದ್ದ. ಅಲುಗಾಡಲಿಲ್ಲ. ಅಲ್ಲಿಗೆ ನಿಲ್ಲಿಸಿ, ಕೈ ಒರೆಸಿಕೊಂಡು, ಎಮ್ಮೆಯನ್ನು ಇಳಿಸಿ, ಕೀಲಿ ಅವಳ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಹಳೆಯ ಎಣ್ಣೆಯಲ್ಲಿ ಗಾಡಿ ಇನ್ನೊಂದು ವರ್ಷ ಓಡುತ್ತಿತ್ತು. ಅವನು ಅಲ್ಲೇ ಮಲಗಿದ್ದ. ಹಿಂದಿನ ಸೀಟಿನ ಹೊಸ ದಿಂಬು ನೆನಪಾಯಿತು. ಆಮೇಲೆ ಅವನ ಕೈ, ಅವನ ಅಪ್ಪಣೆಗೂ ಕಾಯದೆ ಎಂಬಂತೆ, ಕೆಳಗಿನ ಬೋಲ್ಟಿಗೆ ಹೋಗಿತ್ತು. ಕಾಯದೆ ಎಂಬಂತೆ ಎಂದು ಅವನು ಅಂದುಕೊಂಡದ್ದು. ಕೈಗೆ ಸ್ವಂತ ಬುದ್ಧಿ ಎಲ್ಲಿಂದ ಬರಬೇಕು?

"ನೋಡು, ನಾನು..."

"ಯಾಕೆ ಅಂತ ನಾನು ಕೇಳಿಲ್ಲ" ಎಂದಳು ಅವಳು. "ಕೇಳಿದ್ರೆ ನೀವು ಹೇಳ್ತೀರಿ. ಹೇಳಿದ್ರೆ ನಾನು ಕೇಳಿಸ್ಕೋಬೇಕು. ಅಷ್ಟು ಹೊತ್ತಿಲ್ಲ. ಈಗ ಒಂದೂಮುಕ್ಕಾಲು."

ಅವಳು ಕಣ್ಣು ಮುಚ್ಚಿಕೊಂಡಳು. ಅವಳ ತಂದೆ ಮರೆತ ಸಾಲು ಹುಡುಕುವಾಗ ಹಾಗೆ ಮಾಡುತ್ತಿದ್ದರು. ಹಿಂದಿನ ಸಾಲಿನಿಂದ ಎತ್ತಿಕೊಂಡು ಬಂದರೆ ಮುಂದಿನದು ತಾನಾಗಿ ಕೈಹಿಡಿಯುತ್ತದೆ. ಅವಳ ತುಟಿ ಅಲುಗಿತು. ಮೆಲ್ಲಗೆ, ಮುರಿಯಬೇಕಾದಲ್ಲಿ ಮುರಿದು, ಎಳೆಯಬೇಕಾದಲ್ಲಿ ಎಳೆದು, ಹೇಳಿದಳು:

"'ಬಾಕ್ಸನ್ನು ಮರಳಿ ಕೂರಿಸಿದ ಬಳಿಕ... ಸ್ಪೀಡೋಮೀಟರ್ ತಂತಿಯ ಗೇರನ್ನು ಮೇಲಿನಿಂದ ಹೊರತೆಗೆದು... ಆ ತೂತಿನ ಮೂಲಕವೂ ಎಣ್ಣೆ ತುಂಬಬಹುದು. ಎರಡು ಲೀಟರು ಇನ್ನೂರು ಮಿಲಿ... ಅಳತೆ ಮೀರದಂತೆ ಎಚ್ಚರ.'" ಕಣ್ಣು ತೆರೆದಳು. "ಏಳನೇ ಅಧ್ಯಾಯ. ಕ್ಲಚ್ ಹಾಕೋವಾಗ ಓದಿದ್ದೆ. ನೀವು 'ಅದು ನಮಗಲ್ಲ, ಮುಂದೆ ಓದು' ಅಂದ್ರಿ."

ಅವನಿಗೆ ಅಂಥದ್ದೊಂದು ಸಾಲು ಇದ್ದದ್ದೇ ನೆನಪಿರಲಿಲ್ಲ. ಒಂಬತ್ತು ವರ್ಷ ಕೇಳಿದವನು ಅವನು. ಕೇಳಿಸಿಕೊಂಡವಳು ಓದಿದವಳೇ.

"ಅಲ್ಲಿಗೆ ಕೈ ಹೋಗಲ್ಲ ಕಣೇ. ಬ್ಯಾಟರಿ ತೆಗೀಬೇಕು."

"ತೆಗೀತೀನಿ."

"ಆ ಗೇರಿನ ಬೋಲ್ಟಿಗೆ ಹತ್ತನೇ ನಂಬರು ಬೇಕು. ನೇರದ್ದು ಆಗಲ್ಲ..."

"ಕತ್ತು ಬಗ್ಗಿದ್ದು. ಎರಡನೇ ಡಬ್ಬೀಲಿದೆ. ಮುಚ್ಚಳ ಇಲ್ದಿರೋ ಡಬ್ಬಿ."

"ಸ್ವಲ್ಪ ಜರುಗು, ನಾನೇ ಬಂದು..."

"ನೀವು ಅಲ್ಲೇ ಇರಿ" ಎಂದಳು ಅವಳು. "ಕೆಳಗೆ ಎಲ್ಲಾದ್ರೂ ಸೋರುತ್ತಾ ನೋಡ್ಕೊಳಿ."

ಮಂಡಿ ಹೋಯಿತು, ಸೀರೆಯ ಅಂಚು ಹೋಯಿತು, ನೀಲಿ ಚಪ್ಪಲಿ ಎಮ್ಮೆಯ ಮೂತಿಯ ಕಡೆ ಜಾರಿತು. ದಾರಿ ಈಗ ತೆರವಾಗಿತ್ತು. ಆದರೂ ಅವನು ಹೊರಗೆ ಬರಲಿಲ್ಲ. ಇರು ಎಂದವಳು ಅವಳು. ಏಳು ಎನ್ನಬೇಕಾದವಳೂ ಅವಳೇ.

ಮೇಲೆ ಬಾನೆಟ್ಟು ಎದ್ದ ಸದ್ದು. ಬ್ಯಾಟರಿಯ ತಂತಿ ಬಿಚ್ಚಿದ ಸದ್ದು; ಮೊದಲು ಕಪ್ಪು, ಆಮೇಲೆ ಕೆಂಪು, ಕ್ರಮ ತಪ್ಪಲಿಲ್ಲ. ಬ್ಯಾಟರಿ ಎತ್ತುವಾಗ ಅವಳು "ಅಮ್ಮಾ" ಎಂದದ್ದು. ಕತ್ತು ಬಗ್ಗಿದ ಸ್ಪ್ಯಾನರ್ ಒಂದು ಸಲ ತಪ್ಪಿ ಬೆರಳಿಗೆ ಬಡಿದದ್ದು. "ಕೈ ಹುಷಾರು" ಎನ್ನಲು ಬಾಯಿ ತೆರೆದು ಸುಮ್ಮನಾದ. ಆಮೇಲೆ ಆ ಸಣ್ಣ ಬೋಲ್ಟು ಕಿರ್ರೆಂದು ಸಡಿಲವಾಯಿತು. ಅದು ಎಷ್ಟು ಇಂಪಾಗಿ ಕೇಳಿಸಿತೆಂದರೆ ಅವನ ಕಣ್ಣಿನ ಮೂಲೆಯಲ್ಲಿ ನೀರು ಬಂತು. ಅದು ಸಂತೋಷಕ್ಕೋ ಸಂಕಟಕ್ಕೋ ಅವನು ವಿಚಾರಿಸಲಿಲ್ಲ.

"ಲಾಳಿಕೆಗೆ ಸಿಕ್ಕಿಸೋಕೆ ಸಣ್ಣ ಕೊಳವೆ ಬೇಕಲ್ಲ" ಎಂದಳು ಅವಳು, ತನಗೇ ಎಂಬಂತೆ.

"ನನ್ನ ಬ್ಯಾಗಲ್ಲಿದೆ" ಎಂದ ಅವನು ಕೆಳಗಿನಿಂದ. "ಅಂಗಡೀದು. ಗಾಜು ಉಜ್ಜೋ ಮೆಷಿನ್‌ಗೆ ನೀರು ಬಿಡೋ ಕೊಳವೆ. ಹೊಸದು."

ಚಪ್ಪಲಿ ಹೋಗಿ ಬಂತು.

ಕಿಟಕಿಯಿಂದ ತಾಯಿಯ ಧ್ವನಿ. "ಏನೇ ನಡೀತಿದೆ ಅಲ್ಲಿ?"

"ಎಮ್ಮೆಗೆ ಗಂಜಿ ಕುಡಿಸ್ತಾ ಇದ್ದೀನಿ ಅತ್ತೆ."

"ನೀನಾ? ಅವನೆಲ್ಲಿ?"

"ಕೆಳಗಿದಾರೆ."

"ಒಂಬತ್ತು ವರ್ಷದಿಂದ ಅಲ್ಲೇ ಇದಾನೆ. ಇರ್ಲಿ ಬಿಡು." ಸ್ವಲ್ಪ ತಡೆದು ಮುದುಕಿ ಮತ್ತೆ ಕೇಳಿದಳು: "ನಾಲ್ಕು ಗಂಟೆಗೆ ಹೋಗ್ತೀಯೇನೇ ಮತ್ತೆ?"

"ಹೋಗ್ತೀನಿ ಅತ್ತೆ."

"ಹೋಗು ಹೋಗು. ನೀ ಹೋದ್ರೆ ನನ್ನ ಕಾಲು ಯಾರು ತಿಕ್ತಾರೆ ಅಂತ ನೋಡೋ ಆಸೆ ನನಗೂ ಇದೆ."

ಅರ್ಧ ಲೀಟರಿನ ಅಳತೆ ಪಾತ್ರೆಯಿಂದ ಎಣ್ಣೆ ಸುರಿಯತೊಡಗಿತು. "ಒಂದು" ಎಂದಳು ಅವಳು. ಗೇರ್ ಆಯಿಲ್ ಎಂದರೆ ಜೇನಿನಷ್ಟು ಮಂದ. ತೆಳ್ಳನೆಯ ಕೊಳವೆಯಲ್ಲಿ ಇರುವೆ ಸಾಲಿನ ಹಾಗೆ ಇಳಿಯುತ್ತದೆ. ಅವನು ಅಂಗೈಯನ್ನು ಬಾಕ್ಸಿನ ಹೊಟ್ಟೆಗೆ ಆನಿಸಿದ. ಬೆಳಗಿನಿಂದ ಸುತ್ತಿಗೆ ತಿಂದ ಲೋಹ. ಒಳಗೆ ಎಣ್ಣೆ ಹಲ್ಲಿನಿಂದ ಹಲ್ಲಿಗೆ ಇಳಿಯುವುದು ಕೈಗೆ ತಿಳಿಯುತ್ತದೆಂದು ಅನ್ನಿಸಿತು, ನಿಜವಾಗಿ ತಿಳಿಯುತ್ತಿರಲಿಲ್ಲ. ಕಣ್ಣ ಮುಂದೆಯೇ ಆ ತುಂಬುವ ಬಾಯಿಯ ಬೋಲ್ಟು. ಮೂಲೆಗಳೆಲ್ಲ ಹೋಗಿ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಬೆಳಗಿನಿಂದ ಅವನು ಮಾಡಿದ ಕೆಲಸವೆಂದರೆ ಅದೊಂದೇ.

"ಎರಡು."

"ಸೋರ್ತಿಲ್ಲ" ಎಂದ ಅವನು.

"ಮೂರು."

"ಸೋರ್ತಿಲ್ಲ."

ಹೀಗೆ ಮುಕ್ಕಾಲು ಗಂಟೆ. ಅವಳು ಒಂದು ಮಾತು ಹೇಳುವುದು, ಅವನು ಒಂದು ಮಾತು ಹೇಳುವುದು. ದೂರದಿಂದ ಕೇಳಿದವರಿಗೆ ಗಂಡ ಹೆಂಡತಿ ಕೂಡಿ ಏನೋ ಪಠಿಸುತ್ತಿದ್ದಾರೆ ಎನ್ನಿಸಬೇಕು. ನಾಲ್ಕನೇ ಅಳತೆ ಆದ ಮೇಲೆ ಉಳಿದ ಇನ್ನೂರು ಮಿಲಿಯನ್ನು ಕಣ್ಣಳತೆಯಲ್ಲಲ್ಲ, ಅತ್ತೆಯ ಔಷಧದ ಮುಚ್ಚಳದಲ್ಲಿ ಎಣಿಸಿ ಹಾಕಿದಳು. ಗೇರು ಕೂರಿಸಿದಳು. ಬ್ಯಾಟರಿ ಕೂರಿಸಿದಳು, ಮೊದಲು ಕೆಂಪು, ಆಮೇಲೆ ಕಪ್ಪು.

"ಈಗ ಬನ್ನಿ" ಎಂದಳು. "ಇಳಿಸಿ ಕೊಡಿ."

ಅವನು ಹೊರಗೆ ಜಾರಿ ಎದ್ದು ನಿಂತಾಗ ಕಾಲು ಜೋಮು ಹಿಡಿದಿತ್ತು. ಜಾಕು ಹಾಕಿ ಒಂದೊಂದೇ ಸ್ಟ್ಯಾಂಡು ತೆಗೆದ. ಅಷ್ಟರಲ್ಲಿ ಅವಳು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬಂದಳು. ಉಗುರಿನ ಸಂದಿನ ಕಪ್ಪು ಮಾತ್ರ ಹೋಗಿರಲಿಲ್ಲ. ಮೂರು ಗಂಟೆ ಹತ್ತು ನಿಮಿಷ. ಆಸ್ಪತ್ರೆಗೆ ಅರ್ಧ ಗಂಟೆ ದಾರಿ. ಈ ಅರ್ಧ ಗಂಟೆ ನಿಜವಾದ ಅರ್ಧ ಗಂಟೆ.

ಎಮ್ಮೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. 'ಈಗಲೂ ಒಂದು ಸದ್ದಿದೆ' ಎಂದು ಅವನ ನಾಲಗೆ ತುದಿಗೆ ಬಂತು. ಯಾವ ಸದ್ದೂ ಇರಲಿಲ್ಲ.

ಅಭ್ಯಾಸದಂತೆ ಹಿಂದೆ ಹೋಗಿ ನಿಂತು, "ಬಾ, ಬಾ, ಬಾ" ಎಂದು ಕೈ ಬೀಸಿದ. ಅವಳು ಗಾಜು ಇಳಿಸಿ ತಲೆ ಹೊರಗೆ ಹಾಕಿದಳು.

"ಹಿಂದೆ ನಿಲ್ಬೇಡಿ. ಕನ್ನಡೀಲಿ ನೀವೇ ಅಡ್ಡ ಕಾಣ್ತೀರಿ."

ಪಕ್ಕಕ್ಕೆ ಸರಿದ. ಎಮ್ಮೆ ಎರಡು ಕಡೆಯ ಗೋಡೆಗೂ ಮೈ ತಾಗಿಸದೆ ಹಿಂದಕ್ಕೆ ಬಂದು ರಸ್ತೆಗಿಳಿಯಿತು. ಕಾಂಪೌಂಡಿನ ಮೇಲಿಂದ ಕಂಡಕ್ಟರ್, ಮೂವತ್ತು ವರ್ಷದ ಗಂಟಲಲ್ಲಿ, "ರೈಟ್! ರೈಟ್!" ಎಂದು ಕೂಗಿ ಗೋಡೆಯನ್ನು ಎರಡು ಸಲ ತಟ್ಟಿದರು. ಅವಳು ಅವರಿಗೆ ನಕ್ಕಳು. ಗಂಡನ ಕಡೆ ತಿರುಗಿದಾಗ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಅದಕ್ಕೇ ಮುಂದಿನ ಮಾತು ಅವನಿಗೆ ಹೆಚ್ಚು ನಾಟಿತು.

"ಐದಕ್ಕೆ ಅತ್ತೆಗೆ ಮಾತ್ರೆ. ಕೆಂಪು ಒಂದು, ಬಿಳಿ ಅರ್ಧ. ಬಿಸಿನೀರು ಅದಕ್ಕೂ ಮುಂಚೆ."

"ಎಲ್ಲಿದೆ ಮಾತ್ರೆ?"

"ಹುಡುಕಿ. ಹತ್ತನೇ ನಂಬರ್ ಸ್ಪ್ಯಾನರ್ ಎಲ್ಲಿದೆ ಅಂತ ನನಗೆ ಯಾರಾದ್ರೂ ಹೇಳಿದ್ರಾ?" ಗೇರು ಹಾಕಿದಳು; ಬೆಣ್ಣೆಗೆ ಚಾಕು ಹಾಕಿದ ಹಾಗೆ ಕೂತಿತು. "ಮತ್ತೆ ಆ ಬೋಲ್ಟು. ನೀವು ಅದನ್ನ ಇನ್ನು ಮುಟ್ಬೇಡಿ. ನಾಳೆ ನಾನೇ ಗಾಡಿನ ಮೇಸ್ತ್ರಿ ಹತ್ರ ತಗೊಂಡು ಹೋಗ್ತೀನಿ. ಮೊದಲು ಯಾವುದನ್ನ ಮುಟ್ಟಿದ್ದು ಅಂತ ಅವನು ಕೇಳೇ ಕೇಳ್ತಾನೆ. ನಾನೇನು ಹೇಳ್ಬೇಕು ಅಂತ ನಾನು ಬರೋದ್ರೊಳಗೆ ಯೋಚ್ನೆ ಮಾಡಿಡಿ."

ಎಮ್ಮೆ ಹೊರಟಿತು. ಅವನು ರಸ್ತೆಯಲ್ಲಿ ನಿಂತು ಕಿವಿಗೊಟ್ಟ. ಮೊದಲನೇ ಗೇರು. ಎರಡನೆಯದು. ತಿರುವಿನಲ್ಲಿ ಒಂದು ಸಣ್ಣ ಹಾರನ್. ಮೂರನೆಯದು. ಎಲ್ಲಿಯೂ ಹಲ್ಲು ಕಡಿದ ಸದ್ದಿಲ್ಲ. ಆಮೇಲೆ ಅದೂ ಕೇಳಿಸದಾಯಿತು.

ಶೆಡ್ಡಿಗೆ ತಿರುಗಿ ಬಂದ. ಬೋಗುಣಿಯ ಕರಿ ಎಣ್ಣೆಯನ್ನು ಎಲ್ಲಾದರೂ ತೆಗೆದಿಡಬೇಕಿತ್ತು. ಬೋಗುಣಿ ಹಿಂದಿನ ಗೋಡೆಯ ಹತ್ತಿರ ಇತ್ತು. ಬಾಗಿಲಿನಿಂದ ಅಲ್ಲಿಯವರೆಗೆ ನೆಲ ಬರಿದಾಗಿ, ಬೆಳಕು ಬಿದ್ದು, ಅಗಲವಾಗಿ ಹರಡಿಕೊಂಡಿತ್ತು. ಎತ್ತಿನ ಗಾಡಿ ಹೊಡೆಯಬಹುದಾದಷ್ಟು.

"ಮಗಾ" ಎಂದು ಕಿಟಕಿಯಿಂದ ತಾಯಿ ಕರೆದಳು, "ಬಿಸಿನೀರು ಎಲ್ಲಿಗೆ ಬಂತು?"

"ಬಂದೆ ಅಮ್ಮಾ. ಒಂದು ಅರ್ಧ..." ಎಂದು ಹೇಳಹೋಗಿ ನುಂಗಿಕೊಂಡ. ಬೋಗುಣಿಯ ಕಡೆ ಹೊರಟ. ನಾಲ್ಕು ಹೆಜ್ಜೆ ಹೋದ ಮೇಲೆ ತಾನು ಹೇಗೆ ನಡೆಯುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ಹೊಟ್ಟೆ ಒಳಗೆಳೆದುಕೊಂಡು, ಬೆನ್ನು ಎಡಗೋಡೆಗೆ ಒತ್ತಿ, ಏಡಿಯ ಹಾಗೆ ಅಡ್ಡಡ್ಡವಾಗಿ ಜಾರುತ್ತಿದ್ದ. ನಿಂತ. ನೆಟ್ಟಗೆ ನಡೆಯೋಣವೆಂದು ನಡುವಿನ ಖಾಲಿ ನೆಲವನ್ನು ನೋಡಿದ. ಕಾಲು ಆ ಕಡೆ ಏಳಲಿಲ್ಲ.